ಎರಡು ಶೀಟು, ಒಬ್ಬನೇ ರೈತ: ತಾಳೆ ನೋಡೋದು ಹೇಗೆ?

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ರೈತರಿಂದ ಭತ್ತ ಕೊಳ್ಳುವ ರೈತ ಉತ್ಪಾದಕರ ಕಂಪನಿಯೊಂದರಲ್ಲಿ ನಾನು ಲೆಕ್ಕ ನೋಡುತ್ತೇನೆ. ಸುಗ್ಗಿ ಮುಗಿದರೆ ನನ್ನ ಮುಂದೆ ಎರಡು ಎಕ್ಸೆಲ್ ಶೀಟು: ಒಂದು ಖರೀದಿ, ಇನ್ನೊಂದು ಪಾವತಿ. ಖರೀದಿಯಲ್ಲಿದ್ದು ಪಾವತಿಯಲ್ಲಿ ಇಲ್ಲದವರು ಅಂದ್ರೆ ದುಡ್ಡು ಸಿಗದ ರೈತರು. ನೂರಾರು ಸಾಲುಗಳಲ್ಲಿ ಅವರನ್ನು ಕಣ್ಣಲ್ಲೇ ಹುಡುಕೋಕೆ ಆಗಲ್ಲ.

ಯಾವುದನ್ನು ಹೋಲಿಸಬೇಕು?

ಹೆಸರನ್ನಂತೂ ಬೇಡ. ಒಂದೇ ಊರಲ್ಲಿ ನಾಲ್ವರು ಬಸವರಾಜ ಇರ್ತಾರೆ. ಒಬ್ಬರಿಗೇ ಎರಡು ಹೆಸರಿರೋದೂ ಹೊಸದಲ್ಲ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇದ್ದ ದೊರೆಯನ್ನು 'ಅಶೋಕ' ಎಂದು ಹೆಸರಿಸಿದ್ದು 1915ರಲ್ಲಿ ನಮ್ಮ ಮಸ್ಕಿಯಲ್ಲಿ ಸಿಕ್ಕ ಶಾಸನ!

ತಾಲ್ಲೂಕನ್ನೂ ನಂಬುವಂತಿಲ್ಲ. ಲಿಂಗಸುಗೂರು, ಸಿಂಧನೂರು, ಮಾನ್ವಿಯ ಹಳ್ಳಿಗಳನ್ನು ಸೇರಿಸಿ ಮಸ್ಕಿ ತಾಲ್ಲೂಕಾಯಿತು. ಹಳೇ ಶೀಟಲ್ಲಿ ಲಿಂಗಸುಗೂರು ಅಂತಿದ್ದ ಊರು ಹೊಸದರಲ್ಲಿ ಮಸ್ಕಿ. ಸರ್ವೆ ನಂಬರ್ 12/3 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತೆ. ಹೀಗಾಗಿ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆಯೇ ಗಟ್ಟಿ: ಒಬ್ಬ ರೈತ, ಒಂದು ಸಂಖ್ಯೆ.

ಮೂರು ಹೆಜ್ಜೆ

1. ಎರಡೂ ಶೀಟಲ್ಲಿ ಎಫ್‌ಐಡಿ 'ಎ' ಕಾಲಂನಲ್ಲಿ, ಮೊತ್ತ 'ಸಿ' ಕಾಲಂನಲ್ಲಿ ಇರಲಿ. ಎಫ್‌ಐಡಿಯ ಹಿಂದೆ ಮುಂದೆ ಅಂಟಿಕೊಂಡ ಖಾಲಿ ಜಾಗವನ್ನು ಟ್ರಿಮ್ ಫಾರ್ಮುಲಾದಿಂದ ತೆಗೆಯಿರಿ. ಕಣ್ಣಿಗೆ ಕಾಣದ ಒಂದು ಸ್ಪೇಸ್ ಇದ್ದರೂ ತಾಳೆಯಾಗಲ್ಲ.

2. ಖರೀದಿ ಶೀಟಲ್ಲಿ =ಕೌಂಟ್‌ಇಫ್(ಪಾವತಿ!ಎ:ಎ, ಎ2) ಹಾಕಿ ಕೆಳಗಿನವರೆಗೆ ಎಳೆಯಿರಿ. ಸೊನ್ನೆ ಬಂದರೆ ಆ ರೈತ ಪಾವತಿ ಪಟ್ಟಿಯಲ್ಲೇ ಇಲ್ಲ. ಪಾವತಿ ಶೀಟಿನಿಂದಲೂ ಹೀಗೇ ನೋಡಿ. ಭತ್ತ ಕೊಡದವರ ಖಾತೆಗೆ ಹಣ ಹೋಗಿದ್ದರೆ ಆಗ ಸಿಗುತ್ತೆ.

3. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಪೂರ್ತಿ ದುಡ್ಡು ಸೇರಿದೆ ಅಂತಲ್ಲ. ಮೂರು ಲೋಡ್ ಕೊಟ್ಟು ಎರಡರ ಹಣ ಪಡೆದವರೂ ಇರ್ತಾರೆ. =ಸಮ್‌ಇಫ್(ಖರೀದಿ!ಎ:ಎ, ಎ2, ಖರೀದಿ!ಸಿ:ಸಿ) ಎಂದರೆ ಆ ರೈತನ ಎಲ್ಲ ಲೋಡುಗಳ ಮೊತ್ತ ಬರುತ್ತೆ. ಪಾವತಿಗೂ ಹಾಗೇ ಮಾಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಸೊನ್ನೆ ಬರದ ಸಾಲಿಗೆ ಬಣ್ಣ ಹಚ್ಚಿ.

ಬ್ಯಾಂಕ್ ಖಾತೆ ಸಂಖ್ಯೆ ಇರುವ ಕಾಲಂ ಅನ್ನು ಟೈಪ್ ಮಾಡುವ ಮೊದಲೇ 'ಟೆಕ್ಸ್ಟ್' ಮಾಡಿಡಿ. ಎಕ್ಸೆಲ್ 15 ಅಂಕಿ ಮಾತ್ರ ಉಳಿಸಿಕೊಂಡು, ಮುಂದಿನವನ್ನು ಸೊನ್ನೆ ಮಾಡುತ್ತದೆ.

ಬಣ್ಣ ಹಚ್ಚಿದ ಸಾಲುಗಳು ಯಾಕೆ ಹಾಗಾದವು ಅಂತ ಯಾವ ಫಾರ್ಮುಲಾನೂ ಹೇಳಲ್ಲ. ಅಲ್ಲಿ ಫೋನ್ ತೆಗೆದು ನೇರವಾಗಿ ಕೇಳೋದೇ ದಾರಿ: "ಗೌಡ್ರೇ, ಎರಡನೇ ಲೋಡಿನ ರೊಕ್ಕ ಬಂತೇನ್ರಿ?"