ಸದ್ದು ಒಂದು ಕಡೆ, ದೋಷ ಇನ್ನೊಂದು ಕಡೆ

ಏರು ಹತ್ತುವಾಗ ಮೌಂಟನ್ ಬೈಕಿನ ಗೇರ್ ತಾನಾಗಿ ಹಾರಿದರೆ ಬಹುತೇಕರ ಕೈ ಮೊದಲು ಹೋಗುವುದು ಕೇಬಲ್ ತುದಿಯ ತಿರುಪಿಗೆ. ಅದನ್ನು ಅರ್ಧ ಸುತ್ತು ಆಚೀಚೆ ತಿರುಗಿಸಿದರೆ ಒಂದು ಗೇರ್ ಸರಿಯಾಗುತ್ತದೆ, ಇನ್ನೆರಡು ಕೆಡುತ್ತವೆ. ಕಸುಬು ಬಲ್ಲ ಮೆಕ್ಯಾನಿಕ್‌ಗಳು ಆ ತಿರುಪನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಪಾನಾ ಹಿಡಿಯುವ ಮೊದಲು ದೋಷ ಎಲ್ಲಿದೆಯೆಂದು ಪತ್ತೆಹಚ್ಚುವುದೇ ಅವರ ನಿಜವಾದ ವಿದ್ಯೆ. ಬಿಡಿಭಾಗ ಬದಲಿಸುವುದಕ್ಕಿಂತ ಹೆಚ್ಚಿನ ಗೌರವ ಅದಕ್ಕೆ ಸಲ್ಲಬೇಕು.

ಈ ಸೈಕಲ್ ಹುಟ್ಟಿದ್ದೇ ರಿಪೇರಿಯ ಕೈಗಳಲ್ಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ದಪ್ಪ ಟೈರಿನ ಹಳೆಯ ಸೈಕಲ್‌ಗಳಲ್ಲಿ ಗುಡ್ಡ ಇಳಿಯುತ್ತಿದ್ದರು. 1976ರಲ್ಲಿ ಶುರುವಾದ ಅವರ ರೀಪ್ಯಾಕ್ ಸ್ಪರ್ಧೆಯಲ್ಲಿ ಹಿಂದಿನ ಹಬ್ಬಿನ ಬ್ರೇಕ್ ಕಾದು ಗ್ರೀಸು ಹೊಗೆಯಾಗುತ್ತಿತ್ತು. ಮತ್ತೆ ಗ್ರೀಸು ತುಂಬಿದ ಮೇಲೆಯೇ ಮುಂದಿನ ಓಟ. ಗ್ಯಾರಿ ಫಿಷರ್ ಅಂಥವರು ಇಳಿದ ಗುಡ್ಡವನ್ನು ತುಳಿದೇ ಹತ್ತಲೆಂದು ಗೇರ್ ಜೋಡಿಸಿದರು. 1982ರಲ್ಲಿ ಜಪಾನಿನ ಶಿಮಾನೊ ಕಂಪನಿ ಡಿಯೋರ್ ಎಕ್ಸ್‌ಟಿ ಬಿಡಿಭಾಗಗಳನ್ನು ತಂದಿತು. 2016ರ ಹೊತ್ತಿಗೆ ಅಮೆರಿಕದ ಸ್ರ್ಯಾಮ್ ಕಂಪನಿಯ ಹಿಂದಿನ ಕ್ಯಾಸೆಟ್ಟಿನಲ್ಲಿ ಹಲ್ಲುಗಾಲಿಗಳ ಸಂಖ್ಯೆ 12 ಮುಟ್ಟಿತ್ತು. ಎಂಟು ಗಾಲಿಯ ಕ್ಯಾಸೆಟ್ಟಿನಲ್ಲಿ 4.8 ಮಿಲಿಮೀಟರ್ ಇದ್ದ ಅಂತರ ಹನ್ನೆರಡರಲ್ಲಿ ಮೂರೂವರೆಯ ಆಸುಪಾಸಿಗೆ ಇಳಿದಿದೆ. ಹಿಂದೆ ನಡೆದುಹೋಗುತ್ತಿದ್ದ ಸಣ್ಣ ಓರೆ ಈಗ ನಡೆಯುವುದಿಲ್ಲ.

ಆ ಓರೆ ಹೆಚ್ಚಾಗಿ ಅಡಗಿರುವುದು ಹ್ಯಾಂಗರ್ ಎಂಬ ಪುಟ್ಟ ಅಲ್ಯೂಮಿನಿಯಂ ತುಂಡಿನಲ್ಲಿ. ಚೈನನ್ನು ಗಾಲಿಯಿಂದ ಗಾಲಿಗೆ ಸರಿಸುವ ಡಿರೈಲರನ್ನು ಫ್ರೇಮಿಗೆ ಹಿಡಿದಿಡುವುದು ಇದೇ. ಮನೆಯ ಫ್ಯೂಸ್ ತಂತಿಯಂತೆ, ತಾನು ಬಾಗಿ ಅಥವಾ ಮುರಿದು ಬೆಲೆಬಾಳುವ ಫ್ರೇಮನ್ನು ಉಳಿಸುವುದಕ್ಕೆಂದೇ ಇದನ್ನು ಮೆತ್ತಗೆ ಮಾಡಿರುತ್ತಾರೆ. ಸೈಕಲ್ ಬಲಕ್ಕೆ ಬಿದ್ದರೆ, ಲಗೇಜಿನ ನಡುವೆ ಒತ್ತಿಕೊಂಡರೆ ಸಾಕು, ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಕ್ಯಾಸೆಟ್ಟಿನ ಒಂದು ತುದಿಯಲ್ಲಿ ಗೇರ್ ಚೆನ್ನಾಗಿ ಕೂತು ಇನ್ನೊಂದು ತುದಿಯಲ್ಲಿ ತಡವರಿಸಿದರೆ ಮೊದಲ ಅನುಮಾನ ಇದರ ಮೇಲೆ. ಆಗ ಡಿರೈಲರ್ ಬಿಚ್ಚಿ, ಅದೇ ತೂತಿಗೆ ಉದ್ದ ತೋಳಿನ ಅಳತೆಗೋಲನ್ನು ತಿರುಪುತ್ತಾರೆ. ರಿಮ್ಮಿನಲ್ಲಿ ವಾಲ್ವ್ ಇರುವ ಜಾಗವನ್ನು ಗುರುತಾಗಿಟ್ಟು, ಚಕ್ರವನ್ನೂ ತೋಳನ್ನೂ ಒಟ್ಟಿಗೆ ತಿರುಗಿಸುತ್ತ ಮೇಲೆ, ಕೆಳಗೆ, ಹಿಂದೆ, ಮುಂದೆ ಅಂತರ ನೋಡುತ್ತಾರೆ. ಪ್ರತಿ ಸಲವೂ ಅದೇ ಜಾಗವನ್ನು ಹಿಡಿಯುವುದರಿಂದ ರಿಮ್ಮು ಓಲಾಡುತ್ತಿದ್ದರೂ ಲೆಕ್ಕ ತಪ್ಪುವುದಿಲ್ಲ. ನಾಲ್ಕೂ ಕಡೆ ಅಂತರ ಸಮವಾಗುವವರೆಗೆ ತೋಳಿನಿಂದಲೇ ಹ್ಯಾಂಗರನ್ನು ಮೆಲ್ಲಗೆ ಬಗ್ಗಿಸಬೇಕು. ಬಿರುಕು ಕಂಡರೆ ಹೊಸದನ್ನೇ ಹಾಕಬೇಕು. ಕೇಬಲ್ ತಿರುಪಿನ ಸರದಿ ಇಷ್ಟಾದ ಮೇಲೆ.

ಉಳಿದ ದೋಷಗಳನ್ನು ಸದ್ದಿನ ಲಯವೇ ಹೇಳಿಕೊಡುತ್ತದೆ. ಪೆಡಲಿನ ಪ್ರತಿ ಸುತ್ತಿಗೊಮ್ಮೆ ಟಕ್ಕೆಂದರೆ ಕ್ರ್ಯಾಂಕ್, ಪೆಡಲ್, ಚೈನ್‌ವೀಲ್ ನೋಡಬೇಕು. ತುಳಿಯದಿದ್ದರೂ ಸದ್ದು ಬರುತ್ತಿದ್ದರೆ ಹಬ್ ಕಡೆ ತಿರುಗಬೇಕು. 116 ಕೊಂಡಿಗಳ ಚೈನು 32 ಹಲ್ಲಿನ ಚೈನ್‌ವೀಲ್ ಮೇಲೆ ಒಂದು ಸುತ್ತು ಬರಲು ಪೆಡಲ್ ಮೂರೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಅಷ್ಟಷ್ಟು ಹೊತ್ತಿಗೊಮ್ಮೆ ಚೈನ್ ಕುಪ್ಪಳಿಸಿದರೆ ಎಲ್ಲೋ ಒಂದು ಕೊಂಡಿ ಬಿಗಿದಿದೆ ಎಂದೇ ಅರ್ಥ. ಇಷ್ಟೆಲ್ಲ ಯಾಕೆ, ಹೊಸ ಚೈನ್ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಚೈನ್ ಉದ್ದವಾಗುವುದು ಪಿನ್ನುಗಳು ಸವೆದು, ಮತ್ತು ಹಾಗೆ ಸವೆದ ಚೈನ್ ಗಾಲಿಯ ಹಲ್ಲುಗಳನ್ನೂ ತನ್ನ ಅಳತೆಗೆ ಸವೆಸಿರುತ್ತದೆ. ಅವುಗಳ ಮೇಲೆ ಹೊಸ ಚೈನ್ ಕೂರದೆ ಇನ್ನಷ್ಟು ಹಾರುತ್ತದೆ. 12 ಗೇರಿನ ಚೈನು ಒಂದಡಿ ಉದ್ದಕ್ಕೆ ಒಂದೂವರೆ ಮಿಲಿಮೀಟರ್, ಅಂದರೆ ಶೇ 0.5ರಷ್ಟು ಬೆಳೆದಾಗಲೇ ಅಳೆದು ಬದಲಿಸಿದವರಿಗೆ ದುಬಾರಿ ಕ್ಯಾಸೆಟ್ ಉಳಿಯುತ್ತದೆ.

ಎಲೆಕ್ಟ್ರಾನಿಕ್ ಗೇರ್ ಬಂದ ಮೇಲೆ ಈ ವಿದ್ಯೆ ಏಕೆ ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. 2023ರಲ್ಲಿ ಸ್ರ್ಯಾಮ್ ಹ್ಯಾಂಗರನ್ನೇ ಬಿಟ್ಟು ಡಿರೈಲರನ್ನು ನೇರ ಫ್ರೇಮಿಗೆ ಜೋಡಿಸುವ ಏರ್ಪಾಟು ತಂದಿರುವುದೂ ನಿಜ. ಅಂಥ ಸೈಕಲ್‌ಗಳಲ್ಲಿ ಹ್ಯಾಂಗರ್ ನೆಟ್ಟಗೆ ಮಾಡುವ ಕೆಲಸ ಇರುವುದಿಲ್ಲ. ಆದರೆ ಕೆಸರು, ಮರಳು ಚೈನನ್ನು ತಿನ್ನುವುದನ್ನು ಯಾವ ಮೋಟಾರೂ ತಡೆಯದು. ಹ್ಯಾಂಗರ್ ಇರುವ ಸೈಕಲ್‌ಗಳೇ ರಸ್ತೆಯಲ್ಲೂ ಗುಡ್ಡದಲ್ಲೂ ಈಗಲೂ ತುಂಬಿವೆ. ಸೈಕ್ಲಿಂಗ್‌ಗೆ ಹೆಸರಾದ ನಮ್ಮ ವಿಜಯಪುರ, ಬಾಗಲಕೋಟೆಯ ಹುಡುಗರಿಗೆ ಪ್ರತಿ ತೊಂದರೆಗೂ ಹೊಸ ಬಿಡಿಭಾಗ ಕೊಳ್ಳುವುದು ಸುಲಭವಲ್ಲ. ಇಷ್ಟಾದರೂ ಅಂಗಡಿಯ ಬಿಲ್ಲಿನಲ್ಲಿ ಚೈನಿಗೆ ಒಂದು ಸಾಲು, ಕೇಬಲ್ಲಿಗೆ ಒಂದು ಸಾಲು ಇರುತ್ತದೆ. ಕಿವಿಗೊಟ್ಟು ಕೇಳಿ, ಅಳೆದು, ಯಾವುದನ್ನು ಬದಲಿಸಬೇಕಿಲ್ಲ ಎಂದು ಹೇಳಿದ ಶ್ರಮಕ್ಕೆ ಸಾಲಿಲ್ಲ. ಬಿಡಿಭಾಗ ಮಾರಿದವರಿಗೇ ಲಾಭ, ಉಳಿಸಿಕೊಟ್ಟವರಿಗೆ ಬರಿಗೈ ಎಂದಾದರೆ ಈ ಕಸುಬನ್ನು ಕಲಿಯಬೇಕೆಂದು ಹೊಸಬರಿಗೆ ಯಾವ ಬಾಯಲ್ಲಿ ಹೇಳುವುದು?