ಕೇಳಿಸುವುದು ಮತ್ತು ಕೇಳುವುದು

ಕನ್ನಡದ 'ಕೇಳು' ಎಂಬ ಕ್ರಿಯಾಪದವು ಬಹು ಉದಾರವಾದುದು. ಗುಡುಗಿನ ಸದ್ದನ್ನು ಕೇಳುತ್ತೇವೆ. ಪುರಾಣ ಪ್ರವಚನಗಳನ್ನು ಕೇಳುತ್ತೇವೆ. ಅಂಗಡಿಯಲ್ಲಿ ನಿಂತು ಬೆಲೆಯನ್ನೂ ಕೇಳುತ್ತೇವೆ. ಹಿರಿಯರ ಮಾತನ್ನು ಕೇಳಬೇಕು ಎಂದಾಗ, ಅದರಂತೆ ನಡೆಯಬೇಕು ಎಂಬ ಅರ್ಥವೂ ಆ ಪದದೊಳಗೆ ಅಡಗಿರುತ್ತದೆ. ಇಷ್ಟೆಲ್ಲ ವ್ಯವಹಾರವನ್ನು ಒಂದೇ ಪದದಿಂದ ನಡೆಸಿಕೊಂಡು ಬಂದ ಮಗುವು ಇಂಗ್ಲಿಷ್ ತರಗತಿಯಲ್ಲಿ ಹಿಯರ್, ಲಿಸನ್, ಆಸ್ಕ್ ಎಂಬ ಮೂರು ಪದಗಳನ್ನು ಒಮ್ಮೆಲೇ ಎದುರಿಸಬೇಕಾಗುತ್ತದೆ. ಇವುಗಳಲ್ಲಿ ಆಸ್ಕ್ ಎಂಬುದು ಬೇಗನೆ ಬೇರ್ಪಡುತ್ತದೆ. ಪ್ರಶ್ನಿಸುವುದು ಬಾಯಿಯ ಕೆಲಸವೆಂದು ಮಗುವಿಗೆ ತಿಳಿದಿದೆ. ಉಳಿದೆರಡು ಪದಗಳು ಕಿವಿಗೆ ಸಂಬಂಧಿಸಿದವು. ತೊಡಕು ಇರುವುದು ಇಲ್ಲಿಯೇ.

'ಐ ಆಮ್ ಹಿಯರಿಂಗ್ ದ ರೇಡಿಯೋ', 'ಪ್ಲೀಸ್ ಲಿಸನ್ ಮಿ' ಎಂಬಂಥ ವಾಕ್ಯಗಳು ಮಕ್ಕಳ ಬಾಯಲ್ಲಿಯೂ ಬರವಣಿಗೆಯಲ್ಲಿಯೂ ಆಗಾಗ ಬರುತ್ತವೆ. ಕರಿಹಲಗೆಯ ಮೇಲೆ ಎರಡು ಪದಗಳನ್ನೂ ಬರೆದು, ಎರಡಕ್ಕೂ 'ಕೇಳು' ಎಂದೇ ಅರ್ಥ ಬರೆಸಿದರೆ ಗೊಂದಲವು ಅಲ್ಲಿಂದಲೇ ಮೊದಲಾಗುತ್ತದೆ. ಬಳಿಕ ಎಷ್ಟು ಸಲ ತಿದ್ದಿದರೂ ಮಗುವು ಒಂದನ್ನು ಬಿಟ್ಟು ಇನ್ನೊಂದನ್ನು ಊಹಿಸಿ ಬರೆಯುತ್ತದೆಯೇ ಹೊರತು ತಿಳಿದು ಬರೆಯುವುದಿಲ್ಲ.

ಆದರೆ ಈ ಭೇದವು ಕನ್ನಡಕ್ಕೆ ಅಪರಿಚಿತವೇನಲ್ಲ. 'ನನಗೆ ಗಂಟೆಯ ಸದ್ದು ಕೇಳಿಸಿತು' ಎಂಬ ವಾಕ್ಯವನ್ನೂ 'ನಾನು ಪ್ರವಚನವನ್ನು ಕೇಳಿದೆನು' ಎಂಬ ವಾಕ್ಯವನ್ನೂ ಒಟ್ಟಿಗಿಟ್ಟು ನೋಡಬೇಕು. ಮೊದಲನೆಯದರಲ್ಲಿ 'ನನಗೆ' ಎಂಬ ಚತುರ್ಥೀ ವಿಭಕ್ತಿಯಿದೆ. ಸದ್ದು ತಾನಾಗಿ ಬಂದು ಕಿವಿಗೆ ಬಿದ್ದಿತು. ವ್ಯಕ್ತಿಯು ಅದಕ್ಕಾಗಿ ಏನನ್ನೂ ಮಾಡಲಿಲ್ಲ. ನನಗೆ ಹಸಿವಾಯಿತು, ನನಗೆ ನಿದ್ದೆ ಬಂದಿತು, ನನಗೆ ನೆನಪಾಯಿತು ಎಂಬ ವಾಕ್ಯಗಳೂ ಇದೇ ಜಾತಿಯವು. ಎರಡನೆಯದರಲ್ಲಿ 'ನಾನು' ಎಂಬ ಪ್ರಥಮಾ ವಿಭಕ್ತಿಯಿದೆ. ಅಲ್ಲಿ ವ್ಯಕ್ತಿಯು ಮನಸ್ಸಿಟ್ಟು ಕುಳಿತಿದ್ದಾನೆ, ಕಾರ್ಯವು ಅವನದೇ. ಮೊದಲನೆಯದು ಹಿಯರ್, ಎರಡನೆಯದು ಲಿಸನ್. ಇಂಗ್ಲಿಷಿನಲ್ಲಿ ಎರಡು ಕಡೆಯೂ 'ಐ' ಎಂದೇ ಇರುವುದರಿಂದ ಭೇದವೆಲ್ಲವೂ ಕ್ರಿಯಾಪದದ ಮೇಲೆ ಬೀಳುತ್ತದೆ. ಕನ್ನಡವು ವಿಭಕ್ತಿಯಿಂದ ತೋರುವುದನ್ನು ಇಂಗ್ಲಿಷ್ ಬೇರೆ ಪದದಿಂದ ತೋರುತ್ತದೆ. ಇಷ್ಟನ್ನು ಮಾತೃಭಾಷೆಯ ಮೂಲಕ ಮನಗಾಣಿಸಿದರೆ ಅರ್ಧ ಪಾಠ ಮುಗಿದಂತೆ.

ಇದಕ್ಕೆ ಪೂರಕವಾಗಿ ಕನ್ನಡದಲ್ಲಿ 'ಆಲಿಸು' ಎಂಬ ಸೊಗಸಾದ ಪದವೂ ಇದೆ. ಅಹವಾಲನ್ನು ಆಲಿಸುತ್ತಾರೆ, ಸಂಗೀತವನ್ನು ಆಲಿಸುತ್ತಾರೆ. ಬಯಸದೆ ಕಿವಿಗೆ ಬಿದ್ದ ಸದ್ದಿಗೆ ಆ ಪದ ಒಪ್ಪುವುದಿಲ್ಲ. ಆಲಿಸು, ಲಿಸನ್ ಎಂಬೆರಡರ ಧ್ವನಿಸಾಮ್ಯವು ಕೇವಲ ಆಕಸ್ಮಿಕ. ಅವುಗಳಿಗೆ ಯಾವ ಬಾಂಧವ್ಯವೂ ಇಲ್ಲ. ಆದರೂ ನೆನಪಿನಲ್ಲಿಡಲು ಮಕ್ಕಳಿಗೆ ಇದಕ್ಕಿಂತ ಸುಲಭವಾದ ಉಪಾಯ ಬೇರೆ ಸಿಗದು. ಮತ್ತೊಂದು ಪರೀಕ್ಷೆಯೂ ಉಂಟು. 'ಕೇಳು' ಎಂದು ಆಜ್ಞಾಪಿಸಬಹುದು. 'ನಿನಗೆ ಕೇಳಿಸಲಿ' ಎಂಬುದು ಹಾರೈಕೆಯಾದೀತೇ ಹೊರತು ಆಜ್ಞೆಯಾಗದು. ಅಂತೆಯೇ ತರಗತಿಯಲ್ಲಿ ಉಪಾಧ್ಯಾಯರು 'ಲಿಸನ್' ಎಂದು ಹೇಳುತ್ತಾರೆ, 'ಹಿಯರ್' ಎಂದು ಹೇಳುವುದಿಲ್ಲ. ಕಾಣು, ನೋಡು ಎಂಬ ಜೋಡಿಗೂ ಇದೇ ನಿಯಮ ಅನ್ವಯಿಸುತ್ತದೆ. 'ನನಗೆ ಚಾಮುಂಡಿ ಬೆಟ್ಟ ಕಾಣಿಸಿತು' ಎಂಬುದಕ್ಕೆ ಸೀ; 'ನಾನು ಬೆಟ್ಟದತ್ತ ನೋಡಿದೆನು' ಎಂಬುದಕ್ಕೆ ಲುಕ್.

ತಿಳಿಸಿದ ಭೇದವನ್ನು ಅನುಭವಕ್ಕೆ ತರಲು ಎರಡು ನಿಮಿಷಗಳ ಒಂದು ಅಭ್ಯಾಸ ಸಾಕು. ಮೊದಲ ನಿಮಿಷದಲ್ಲಿ ಮಕ್ಕಳು ಕಣ್ಣು ಮುಚ್ಚಿ ಸುಮ್ಮನೆ ಕುಳಿತಿರತಕ್ಕದ್ದು. ಅನಂತರ ಕಿವಿಗೆ ಬಿದ್ದುದನ್ನೆಲ್ಲ ಪಟ್ಟಿ ಮಾಡಬೇಕು: ಕಾಗೆಯ ಕೂಗು, ಸೊಪ್ಪು ಮಾರುವವಳ ಕರೆ, ಪಕ್ಕದ ಮನೆಯ ಕುಕ್ಕರಿನ ಸೀಟಿ, ಸ್ಕೂಟರಿನ ಸದ್ದು. ಪ್ರತಿಯೊಂದನ್ನೂ 'ಐ ಹರ್ಡ್' ಎಂದು ಆರಂಭಿಸಿ ಹೇಳಿಸಬೇಕು. ಎರಡನೆಯ ನಿಮಿಷದಲ್ಲಿ ಒಂದೇ ಸದ್ದನ್ನು ಆರಿಸಿಕೊಂಡು, ಕಾಗೆ ಎಷ್ಟು ಸಲ ಕೂಗಿತೆಂದು ಎಣಿಸಲು ಹೇಳಬೇಕು. ಈಗಿನ ವಾಕ್ಯ 'ಐ ಲಿಸನ್ಡ್ ಟು ದ ಕ್ರೋ' ಎಂದಾಗುತ್ತದೆ. ಕಾಗೆಯನ್ನು ಎಣಿಸುತ್ತಿದ್ದಾಗ ಕುಕ್ಕರು ಕೂಗಿದ್ದು ಎಷ್ಟೋ ಮಕ್ಕಳ ಗಮನಕ್ಕೇ ಬಂದಿರುವುದಿಲ್ಲ. ಕಿವಿ ತೆರೆದೇ ಇತ್ತು, ಮನಸ್ಸು ಮಾತ್ರ ಒಂದೆಡೆ ನೆಟ್ಟಿತ್ತು ಎಂಬುದನ್ನು ಅವರು ತಾವೇ ಕಂಡುಕೊಳ್ಳುತ್ತಾರೆ. ಮನಸ್ಸು ಒಂದರ ಕಡೆಗೆ ತಿರುಗುವುದರಿಂದಲೇ ಲಿಸನ್ ಎಂಬುದರ ಮುಂದೆ ಟು ಬರುತ್ತದೆ ಎಂದು ಆಗ ಹೇಳಿಕೊಟ್ಟರೆ ಅದು ಮರೆಯುವುದಿಲ್ಲ.

ಗೋಕುಲಂ ಬಡಾವಣೆಯ ಮಕ್ಕಳಿಗೆ ಈ ಪಾಠವು ವಿಶೇಷವಾಗಿ ಸಲ್ಲುತ್ತದೆ. ಶ್ರೀ ಕೆ. ಪಟ್ಟಾಭಿ ಜೋಯಿಸರ ಯೋಗಶಾಲೆಯು 2002ರಲ್ಲಿ ಲಕ್ಷ್ಮೀಪುರದಿಂದ ಇಲ್ಲಿಗೆ ಬಂದ ಮೇಲೆ ನಾನಾ ದೇಶಗಳ ಯೋಗಾಭ್ಯಾಸಿಗಳು ಈ ಬೀದಿಗಳಲ್ಲಿ ವಾಸ ಮಾಡತೊಡಗಿದರು. ಹತ್ತಾರು ಬಗೆಯ ಉಚ್ಚಾರಣೆಯ ಇಂಗ್ಲಿಷ್ ಇಲ್ಲಿನ ಅಂಗಡಿ ಹೋಟೆಲುಗಳಲ್ಲಿ ಕಿವಿಗೆ ಬೀಳುತ್ತದೆ. ಇಂಥ ವಾತಾವರಣದಲ್ಲಿ ಬೆಳೆದ ಮಗುವಿಗೆ ಇಂಗ್ಲಿಷ್ ತಾನಾಗಿ ಬಂದುಬಿಡುತ್ತದೆ ಎಂದು ಕೆಲವು ತಂದೆತಾಯಿಗಳು ಭಾವಿಸುವುದುಂಟು. ಕಿವಿಗೆ ಬಿದ್ದ ಮಾತ್ರಕ್ಕೆ ಭಾಷೆ ಬರುವುದಿಲ್ಲ. ಆಲಿಸಿದರೆ, ಅರಿತರೆ, ಮರಳಿ ನುಡಿದರೆ ಮಾತ್ರ ಬರುತ್ತದೆ.

ಆಲಿಸುವ ಸಂಸ್ಕಾರಕ್ಕೆ ಈ ಪ್ರದೇಶದಲ್ಲಿ ಒಂದು ಇತಿಹಾಸವೂ ಇದೆ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ, ಗೋಕುಲಕ್ಕೆ ಹೊಂದಿಕೊಂಡಿರುವ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಒಂದು ಸಣ್ಣ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. 'ಆಕಾಶವಾಣಿ' ಎಂಬ ಹೆಸರು ಈ ಮೈಸೂರಿನ ಕೇಂದ್ರದಿಂದಲೇ ಪ್ರಸಿದ್ಧವಾಯಿತು. ಮುಂದೆ ಇಡೀ ದೇಶದ ಬಾನುಲಿಯು ಅದೇ ಹೆಸರನ್ನು ತಳೆಯಿತು. ಮನಸ್ಸಿನ ವ್ಯಾಪಾರಗಳನ್ನು ಬೋಧಿಸುತ್ತಿದ್ದವರೊಬ್ಬರು ಜನರ ಕಿವಿಗೆ ವಾಣಿಯನ್ನು ಮುಟ್ಟಿಸಲು ಹೊರಟದ್ದು ಅರ್ಥಪೂರ್ಣವಾಗಿದೆ. ಹೋಟೆಲಿನಲ್ಲಿ ಹಾಡುತ್ತಿರುವ ರೇಡಿಯೋ ದಾರಿಹೋಕನಿಗೆ ಕೇಳಿಸುತ್ತದೆ. ವಾರ್ತೆಗಾಗಿ ಕಾದು ಕುಳಿತವನು ಅದನ್ನು ಕೇಳುತ್ತಾನೆ. ಎರಡು ಕ್ರಿಯಾಪದಗಳಿಗೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ.

ನಿಯಮಕ್ಕೆ ಅಪವಾದಗಳೂ ಉಂಟು. ನ್ಯಾಯಾಲಯವು ಮೊಕದ್ದಮೆಯನ್ನು ವಿಚಾರಣೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಹಿಯರ್ ಎಂಬುದನ್ನೇ ಬಳಸುತ್ತಾರೆ. ಪತ್ರ ಬಂದಿತೆನ್ನಲು 'ಹಿಯರ್ ಫ್ರಮ್' ಎನ್ನುತ್ತಾರೆ. ಬ್ರಿಟಿಷ್ ಸಂಸತ್ತಿನಲ್ಲಿ ಸದಸ್ಯರು ಮೆಚ್ಚುಗೆ ಸೂಚಿಸಲು 'ಹಿಯರ್, ಹಿಯರ್' ಎಂದೇ ಕೂಗುತ್ತಾರೆ. ಕಚೇರಿಗೆ ಹೋಗಿ ಸಂಗೀತ ಕೇಳಿದೆನೆನ್ನಲು ಎರಡೂ ಪದಗಳು ನಡೆಯುತ್ತವೆ. ಇವನ್ನೆಲ್ಲ ಕೆಳ ತರಗತಿಗಳಲ್ಲಿ ಮುಂದಿಡಬೇಕಾಗಿಲ್ಲ. ಮೂಲಭೇದವು ನೆಲೆಗೊಂಡ ಬಳಿಕ ಹಿರಿಯ ತರಗತಿಗಳಲ್ಲಿ ಒಂದೊಂದಾಗಿ ತಿಳಿಸಿದರೆ ಸಾಕು.

ಇದಿಷ್ಟೂ ವ್ಯಾಕರಣದ ಮಾತಾಯಿತು. ಆದರೆ ಈ ಭೇದವನ್ನು ಮಕ್ಕಳಿಗಿಂತ ಮೊದಲು ಅರಿಯಬೇಕಾದವರು ಉಪಾಧ್ಯಾಯರೇ ಆಗಿದ್ದಾರೆ. 'ಈ ಹುಡುಗ ಹೇಳಿದ್ದನ್ನು ಕೇಳುವುದಿಲ್ಲ' ಎಂಬ ದೂರು ಶಾಲೆಗಳಲ್ಲಿ ಸಾಮಾನ್ಯ. ಅವನು ಕೇಳುವುದಿಲ್ಲವೋ, ಅವನಿಗೆ ಕೇಳಿಸುವುದಿಲ್ಲವೋ ಎಂದು ವಿಚಾರಿಸುವವರು ವಿರಳ. ಕಿವಿ ಸೋರುವ ಮಗು, ಕಿವಿತಮಟೆಯ ಹಿಂದೆ ದ್ರವ ತುಂಬಿಕೊಂಡ ಮಗು, ಒಂದೇ ಕಿವಿಯಲ್ಲಿ ಚೆನ್ನಾಗಿ ಕೇಳಿಸುವ ಮಗು, ಇವರಾರೂ ಪೂರ್ಣ ಕಿವುಡರಲ್ಲ. ಕೂಗಿದರೆ ತಿರುಗುತ್ತಾರೆ, ಮಾತಿಗೆ ಮಾತನಾಡುತ್ತಾರೆ. ಆದಕಾರಣ ಯಾರಿಗೂ ಸಂದೇಹ ಬರುವುದಿಲ್ಲ. ಎತ್ತರದ ಸ್ವರಗಳು ಮಾತ್ರ ಕೇಳಿಸದ ಮಕ್ಕಳೂ ಇರುತ್ತಾರೆ. ಅವರಿಗೆ ಸ್ವರಾಕ್ಷರಗಳು ಸ್ಪಷ್ಟವಾಗಿ ಕೇಳಿಸಿ, ಸಕಾರದಂಥ ಸಣ್ಣ ಸದ್ದುಗಳು ಜಾರಿಹೋಗುತ್ತವೆ. 'ಬುಕ್ಸ್' ಎಂದು ಹೇಳಿಬರೆಸಿದಾಗ 'ಬುಕ್' ಎಂದು ಬರೆದ ಮಗುವಿನ ಅಂಕ ಕಳೆಯುವ ಮುನ್ನ, ಆ ಕೊನೆಯ ಸದ್ದು ಅದಕ್ಕೆ ಮುಟ್ಟಿತೇ ಎಂದು ಯೋಚಿಸಬೇಕು. ಎಲ್ಲ ತಪ್ಪುಗಳಿಗೂ ಕಿವಿಯೇ ಕಾರಣವಲ್ಲ, ದಿಟ. ಆದರೆ ಕಿವಿಯೇ ಕಾರಣವಾಗಿದ್ದಾಗ ದಂಡನೆಯಿಂದ ಯಾವ ಪ್ರಯೋಜನವೂ ಇಲ್ಲ.

ಇಂಥ ಮಗುವನ್ನು ಗುರುತಿಸುವುದು ಕಷ್ಟವಲ್ಲ. ಅದು ಮಾತನಾಡುವವರ ಬಾಯನ್ನೇ ನೋಡುತ್ತಿರುತ್ತದೆ. ಒಂದು ಪಕ್ಕಕ್ಕೆ ತಲೆ ವಾಲಿಸುತ್ತದೆ. ಏನೆಂದು ಮತ್ತೆ ಮತ್ತೆ ಕೇಳುತ್ತದೆ, ಇಲ್ಲವೇ ಪಕ್ಕದವರ ಪುಸ್ತಕವನ್ನು ಇಣುಕುತ್ತದೆ. ಉಪಾಧ್ಯಾಯರು ಹಲಗೆಯ ಕಡೆಗೆ ತಿರುಗಿ ಮಾತನಾಡಿದಾಗ ಅದರ ಬರವಣಿಗೆ ನಿಂತುಹೋಗುತ್ತದೆ. ಮೈಸೂರಿನವರಿಗೆ ಈ ವಿಷಯದಲ್ಲಿ ದೊಡ್ಡದೊಂದು ಅನುಕೂಲವಿದೆ. 1966ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮಾನಸಗಂಗೋತ್ರಿಯಲ್ಲಿದೆ. ದೇಶದ ಬೇರೆಡೆಗಳಿಂದಲೂ ಜನರು ಹುಡುಕಿಕೊಂಡು ಬರುವ ಈ ಸಂಸ್ಥೆಗೆ ಸಂದೇಹವಿರುವ ಮಗುವನ್ನು ಕಳುಹಿಸಿ ಶ್ರವಣಪರೀಕ್ಷೆ ಮಾಡಿಸಲು ಗೋಕುಲದವರಿಗೆ ದೂರದ ಪ್ರಯಾಣವೇನೂ ಬೇಕಿಲ್ಲ.

ಶಾಲೆಗಳ ಹಿತೈಷಿಗಳಿಗೂ ಇಲ್ಲಿ ಕರ್ತವ್ಯವಿದೆ. ಕೊಠಡಿಗಳ ಸಂಖ್ಯೆಯಷ್ಟೇ ಮುಖ್ಯವಾದುದು ಅವುಗಳ ನಿಶ್ಶಬ್ದತೆ. ತಗಡಿನ ಮಾಡಿನ ಕೆಳಗೆ ಮಳೆಯ ದಿನ ಪಾಠ ನಡೆಯದು. ರಸ್ತೆಗೆ ತೆರೆದ ಕಿಟಕಿಯ ಪಕ್ಕದ ಸಾಲಿನವರಿಗೆ ಅರ್ಧ ಮಾತು ಮುಟ್ಟದು. ಗೋಡೆಗಳು ಪ್ರತಿಧ್ವನಿಸದಂತೆ, ಕಡೆಯ ಬೆಂಚಿಗೂ ಮಾತು ತಲಪುವಂತೆ ಕಟ್ಟಿಸಿದ ಒಂದು ಕೊಠಡಿಯು ಎಷ್ಟೋ ಮಕ್ಕಳ ಪಾಲಿಗೆ ನಿಜವಾದ ವಿದ್ಯಾದಾನವಾಗುತ್ತದೆ.

ಶರಣರ ಪರಂಪರೆಯಲ್ಲಿ ಗೋಷ್ಠಿಗೆ ಹಿರಿಯ ಸ್ಥಾನವಿದೆ. ಶೂನ್ಯಸಂಪಾದನೆಯು ರಚಿತವಾಗಿರುವುದೇ ಸಂವಾದರೂಪದಲ್ಲಿ. ಅಲ್ಲಿ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಹೇಳುತ್ತಾರೆ. ಕೇಳಿದವರೇ ಮತ್ತೆ ಕಿವಿಗೊಟ್ಟು ಕೇಳುತ್ತಾರೆ. ಪ್ರಶ್ನಿಸುವುದಕ್ಕೂ ಆಲಿಸುವುದಕ್ಕೂ ಕನ್ನಡದಲ್ಲಿ ಒಂದೇ ಪದವಿರುವುದರಲ್ಲಿ ಒಂದು ಔಚಿತ್ಯವೂ ಇದೆ. ಪ್ರಶ್ನಿಸಲು ಧೈರ್ಯವಿಲ್ಲದ ಕಡೆ ಆಲಿಸುವುದೂ ಪೂರ್ಣವಾಗದು.

ಆದುದರಿಂದ ಈ ಎರಡು ಕ್ರಿಯಾಪದಗಳ ಪಾಠವು ಒಂದು ವಾಕ್ಯದಲ್ಲಿ ಪರ್ಯವಸಾನಗೊಳ್ಳಬೇಕು: 'ಐ ವಾಸ್ ಲಿಸನಿಂಗ್, ಸರ್, ಬಟ್ ಐ ಕುಡ್ ನಾಟ್ ಹಿಯರ್.' ಆಲಿಸುತ್ತಲೇ ಇದ್ದೆ, ಆದರೆ ಕೇಳಿಸಲಿಲ್ಲ ಎಂಬ ಈ ಮಾತನ್ನು ಕಡೆಯ ಬೆಂಚಿನ ಮಗುವೂ ಇಂಗ್ಲಿಷಿನಲ್ಲಾಗಲಿ ಕನ್ನಡದಲ್ಲಾಗಲಿ ಎದ್ದುನಿಂತು ಅಂಜದೆ ಹೇಳುವಂತಾಗಬೇಕು. ಹೇಳಿದಾಗ ಅದನ್ನು ಆಲಿಸುವವರೂ ತರಗತಿಯಲ್ಲಿರಬೇಕು.