ಗೊರಕೆ ಮುಚ್ಚಿಟ್ಟು ಆಪರೇಷನ್ ಟೇಬಲ್ ಏರಬೇಡಿ!

ಬಳ್ಳಾರಿ: ಸತ್ಯನಾರಾಯಣಪೇಟೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಗಲ್ಲಾದ ಮೇಲೇ ತಲೆಯಿಟ್ಟು ಗೊರಕೆ ಹೊಡೆಯುವ ಸಾಹುಕಾರರನ್ನು ಕಂಡು ಗಿರಾಕಿಗಳು ನಗುತ್ತಾರೆ. ಸಿರುಗುಪ್ಪ ಬಸ್ಸು ಹತ್ತಿದ ಐದೇ ನಿಮಿಷಕ್ಕೆ ಪಕ್ಕದವರ ಹೆಗಲಿಗೆ ಒರಗಿ ಗರಗಸ ಎಳೆಯುವವರೂ ಉಂಟು. ನಗೋ ವಿಷಯವೇ, ಸರಿ. ಆದರೆ ಇವರೇ ನಾಳೆ ಹರ್ನಿಯಾಕ್ಕೋ ಪಿತ್ತಕೋಶದ ಕಲ್ಲಿಗೋ ಆಪರೇಷನ್‌ಗೆ ಮಲಗಿದರೆ?

ಎಲ್ಲ ಗೊರಕೆಯೂ ರೋಗವಲ್ಲ. ಭಯ ಇರೋದು ಗೊರಕೆ ತಟ್ಟನೆ ನಿಂತಾಗ! ನಿದ್ದೆಯಲ್ಲಿ ಗಂಟಲ ಸ್ನಾಯು ಸಡಿಲಾಗಿ, ನಾಲಿಗೆ ಹಿಂದಕ್ಕೆ ಬಿದ್ದು, ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. 10 ಸೆಕೆಂಡು, ಕೆಲವರಿಗೆ ಅರ್ಧ ನಿಮಿಷ, ಉಸಿರೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಗಾಬರಿಯಾಗಿ ತಟ್ಟಿ ಎಬ್ಬಿಸುತ್ತದೆ. ಮನುಷ್ಯ ಕೊಸರಾಡಿ, ಗೊರ್ ಅಂತ ಉಸಿರೆಳೆದು ಮತ್ತೆ ಮಲಗುತ್ತಾನೆ. ಬೆಳಿಗ್ಗೆ ಅವನಿಗೆ ಏನೂ ನೆನಪಿರೋದಿಲ್ಲ. ಗೊತ್ತಿರೋದು ಪಕ್ಕದಲ್ಲಿ ಮಲಗಿದ ಹೆಂಡತಿಗೆ ಮಾತ್ರ. ಇದಕ್ಕೆ ಡಾಕ್ಟರುಗಳು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. 2022ರ ಫೆಬ್ರವರಿಯಲ್ಲಿ ತೀರಿಕೊಂಡ ಹಿಂದಿ ಸಿನಿಮಾ ಸಂಗೀತಗಾರ ಬಪ್ಪಿ ಲಹರಿಯವರ ಸಾವಿಗೂ ಇದೇ ಕಾರಣವೆಂದು ಅವರ ವೈದ್ಯರು ಹೇಳಿದ್ದರು.

ಈಗ ಆಪರೇಷನ್ ಮಾತು. ಅರಿವಳಿಕೆ ಔಷಧ, ನಿದ್ದೆ ಮದ್ದು, ಮಾರ್ಫಿನ್ ಜಾತಿಯ ನೋವಿನ ಇಂಜೆಕ್ಷನ್ನು ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ಮೆದುಳು ತಟ್ಟಿ ಎಬ್ಬಿಸುವ ಆ ಕೆಲಸವನ್ನೂ ಮಂದ ಮಾಡುತ್ತವೆ. ಟೇಬಲ್ ಮೇಲೆ ಇರುವಷ್ಟು ಹೊತ್ತು ತಲೆಯ ಹತ್ತಿರ ಡಾಕ್ಟರು ಕೂತಿರುತ್ತಾರೆ. ನಿಜವಾದ ಗಂಡಾಂತರ ಆ ರಾತ್ರಿ, ವಾರ್ಡಿನಲ್ಲಿ. ಹಣ್ಣು, ಫ್ಲಾಸ್ಕು ಹಿಡಿದು ಬಂದ ನೆಂಟರು ಪಾಪ, ಚೆನ್ನಾಗಿ ನಿದ್ದೆ ಹತ್ತಿದೆ ಅಂತ ಸುಮ್ಮನೆ ಕೂತಿರುತ್ತಾರೆ!

ಮೊದಲೇ ಕೇಳಬಾರದೇ? ಕೇಳಬೇಕು. ಆದರೆ ನಡೆಯೋದೇ ಬೇರೆ. ಫಿಟ್‌ನೆಸ್ ಅಂತ ರೋಗಿಯನ್ನು ಸಕ್ಕರೆ, ಬಿ.ಪಿ., ಇ.ಸಿ.ಜಿ.ಗೆ ಓಡಾಡಿಸುತ್ತಾರೆ, ಗೊರಕೆಯ ಪ್ರಶ್ನೆ ಎಷ್ಟೋ ಕಡೆ ಬರುವುದೇ ಇಲ್ಲ. ಸಣ್ಣ ನರ್ಸಿಂಗ್ ಹೋಮುಗಳಿಗೆ ಅರಿವಳಿಕೆ ಡಾಕ್ಟರು ಕರೆ ಬಂದಾಗ ಬರುವವರು. ಅವರು ಬರುವ ಹೊತ್ತಿಗೆ ರೋಗಿ ಹಸಿರು ಗೌನು ತೊಟ್ಟು ಮಲಗಿರುತ್ತಾನೆ. ಸರ್ಜನ್ ಹೆಸರು ಊರಿಗೆಲ್ಲ ಗೊತ್ತು, ಉಸಿರು ಕಾಯುವವರ ಹೆಸರು ಕೇಳಿದವರಾರು?

ಕೇಳುವುದಕ್ಕೆ ಯಂತ್ರವೇನೂ ಬೇಡ. ಕೆನಡಾದ ಟೊರಾಂಟೊದ ಅರಿವಳಿಕೆ ತಜ್ಞೆ ಫ್ರಾನ್ಸಿಸ್ ಚುಂಗ್ ಮತ್ತು ಸಂಗಡಿಗರು 2008ರಲ್ಲೇ 8 ಪ್ರಶ್ನೆ ಬರೆದಿಟ್ಟಿದ್ದಾರೆ. ಬಾಗಿಲು ಹಾಕಿದರೂ ಕೇಳುವ ಗೊರಕೆಯೇ? ಹಗಲು ಸುಸ್ತು, ತೂಕಡಿಕೆಯೇ? ನಿದ್ದೆಯಲ್ಲಿ ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರೆಯೇ? ಬಿ.ಪಿ. ಇದೆಯೇ? ಭಾರಿ ಮೈಯೇ? 50 ದಾಟಿತೇ? ಕುತ್ತಿಗೆ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ? ಗಂಡಸೇ? ಕುತ್ತಿಗೆ ಅಳತೆ ಟೈಲರನ್ನು ಕೇಳಿದರೂ ಆದೀತು, ಸುಮಾರು 16 ಇಂಚಿನ ಕಾಲರು. ಮೂರಕ್ಕೆ ಹೌದು ಎಂದರೆ ಅನುಮಾನ, ಐದಕ್ಕೆ ಎಂದರೆ ಬಲವಾದ ಅನುಮಾನ. ಹಾಗಂತ ತೆಳ್ಳಗಿನವರು, ಹೆಂಗಸರು ಪಾರಾದರು ಅಂತಲ್ಲ. ಗಲ್ಲ ಚಿಕ್ಕದಿದ್ದರೂ ಬರಬಹುದು.

ವೈದ್ಯರ ತಿಳಿವಳಿಕೆಯನ್ನೇ ಅಳೆಯಲು ಅಮೆರಿಕದಲ್ಲಿ 2003ರಲ್ಲಿ 'ಒಸಾಕಾ' ಎಂಬ 18 ಪ್ರಶ್ನೆಗಳ ಪರೀಕ್ಷೆ ಬಂತು. ಹಲವು ದೇಶಗಳಲ್ಲಿ ಅರಿವಳಿಕೆ ತಜ್ಞರೂ ಅದಕ್ಕೆ ಉತ್ತರ ಬರೆದಿದ್ದಾರೆ. ನಮ್ಮೂರಿನಲ್ಲಿ 1961ರಿಂದ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಕುರುಗೋಡಿನಿಂದ ಬರುವ ಬಡ ರೋಗಿಗೂ ಆ ಎಂಟು ಪ್ರಶ್ನೆ ಕನ್ನಡದಲ್ಲೇ ಕೇಳಿದರೆ ಖರ್ಚೇನು?

ಅನುಮಾನ ಬಂತೆಂದು ಆಪರೇಷನ್ ಮುಂದೂಡಲೇಬೇಕೆಂದೇನಿಲ್ಲ. ಗೊತ್ತಿದ್ದರೆ ಡಾಕ್ಟರು ಆದಷ್ಟು ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ, ಕಷ್ಟದ ಗಂಟಲಿಗೆ ತಯಾರಾಗಿ ಬರುತ್ತಾರೆ, ಮಾರ್ಫಿನ್ ಜಾತಿಯ ಮದ್ದು ಕಡಿಮೆ ಮಾಡುತ್ತಾರೆ. ರಾತ್ರಿ ಅಂಗಾತ ಮಲಗಿಸದೆ ತಲೆ ಎತ್ತರಿಸಿ, ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದಿತ್ತಲ್ಲ, ಆ ಬೆರಳಿನ ಕ್ಲಿಪ್ಪು ಹಾಕಿ ಕಾಯುತ್ತಾರೆ. ಮನೆಯಲ್ಲಿ ಸಿ-ಪ್ಯಾಪ್ ಗಾಳಿ ಯಂತ್ರ ಬಳಸುವವರು ಅದನ್ನು ಬ್ಯಾಗಿಗೆ ಹಾಕಿಕೊಂಡೇ ಅಡ್ಮಿಟ್ ಆಗಬೇಕು. ಜತೆಗೆ ರಾತ್ರಿ ಪಕ್ಕದಲ್ಲಿ ಮಲಗುವವರನ್ನೂ ಕರೆದೊಯ್ದು, ಡಾಕ್ಟರ ಮುಂದೆ ಅವರಿಂದಲೇ ಹೇಳಿಸಬೇಕು.